ಆರಣಿ ಕಣಿವೆಯಲ್ಲಿ ರಾಯರ ಏಕಾದಶಿ

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಚೆನ್ನೈನ ಮಾಧವರಂ ಬಸ್ ನಿಲ್ದಾಣದಿಂದ ಹೊರಟೆವು. ನಾನು, ಸ್ನೇಹಿತ ಮುರಳೀಧರ ರಾಯರು ಮತ್ತು ನಾಲ್ಕು ಡಬ್ಬಿಯ ಒಂದು ಟಿಫಿನ್ ಕ್ಯಾರಿಯರ್. ಹೋಗಬೇಕಿದ್ದದ್ದು ಆಂಧ್ರದ ಗಡಿಯಾಚೆ, ನಾಗಲಾಪುರದ ಬೆಟ್ಟಗಳ ನಡುವಿನ ಆರಣಿ ನದಿಯ ಕಣಿವೆಗೆ. ಚೆನ್ನೈನಿಂದ ಎಂಬತ್ತು ಚಿಲ್ಲರೆ ಕಿಲೋಮೀಟರ್. ಕಣಿವೆ ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ಜೊತೆಗೆ ಬರುವವರನ್ನು ಮೊದಲೇ ಸರಿಯಾಗಿ ವಿಚಾರಿಸಿಕೊಳ್ಳಿ. ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಕೋಟದ ಕಡೆಯವನು, ಹೊಳ್ಳ. ಅಣ್ಣಾ ನಗರದಲ್ಲಿ ಮೂವತ್ತೆರಡು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದೇನೆ. ರಾಯರು ಮದ್ರಾಸಿನಲ್ಲೇ ಹುಟ್ಟಿದ ಮಾಧ್ವರು, ಮಾತಿನಲ್ಲಿ ಅರ್ಧ ತಮಿಳು, ವಿಮಾ ಕಚೇರಿಯಿಂದ ನಿವೃತ್ತರು. ನನ್ನ ಗಲ್ಲಾದ ಪಕ್ಕದ ಕುರ್ಚಿ ಅವರದೇ. ಆ ಕಣಿವೆಯನ್ನು ನನಗೆ ತೋರಿಸಬೇಕೆಂದು ಅವರು ಆರು ವರ್ಷಗಳಿಂದ ಹೇಳುತ್ತಿದ್ದರು. ನಾನು ನಾಲ್ಕು ಸಲ ಹೊರಟು ನಾಲ್ಕು ಸಲವೂ ತಪ್ಪಿಸಿದ್ದೆ. ಒಮ್ಮೆ ಅಡುಗೆಯವರು ಊರಿಗೆ ಹೋದರು, ಒಮ್ಮೆ ಗ್ರೈಂಡರು ಕೆಟ್ಟಿತು. ಈ ಸಲ ಅಡುಗೆಮನೆಯ ನೆಲಕ್ಕೆ ಹೊಸ ಕಲ್ಲು ಹಾಕಿಸಲು ಬಾಗಿಲು ಮುಚ್ಚಿದ್ದರಿಂದ ಒಂದು ದಿನ ಸಿಕ್ಕಿತು.

ಗಡಿಯೂರು ಊತ್ತುಕೋಟೆಗೆ ಬಸ್ಸಿಗೆ ತಲಾ ನಲವತ್ತೈದು ರೂಪಾಯಿ. ಅಷ್ಟು ಕೊಟ್ಟು ಮುರಿದ ಕಿಟಕಿಯ ಪಕ್ಕ ಕೂತು ರೆಡ್ ಹಿಲ್ಸ್ ದಾಟುವವರೆಗೆ ಲಾರಿಗಳ ಹೊಗೆ ಕುಡಿದೆವು. ಪೆರಿಯಪಾಳಯದ ಸೇತುವೆಯ ಮೇಲೆ ಮೊದಲ ಬಾರಿ ಆರಣಿ ಕಂಡಿತು. ಅಗಲವಾದ ಮರಳು, ನಡುವೆ ಒಂದು ಸಣ್ಣ ಹರಿವು, ದಡದುದ್ದಕ್ಕೂ ಕಸ. ಯಾರಿಗೂ ನಾಚಿಕೆಯಿಲ್ಲ. ನಾನು ಡಬ್ಬಿ ತೆರೆದು ಇಡ್ಲಿ ಮುಂದಿಟ್ಟೆ.

"ಆಮೇಲೆ ನೋಡೋಣ ಹೊಳ್ರೆ" ಎಂದರು ರಾಯರು. ನಾನೂ ಡಬ್ಬಿ ಮುಚ್ಚಿಟ್ಟೆ.

ಊತ್ತುಕೋಟೆಯಲ್ಲಿ ನಾನು ಚಹಾ ಕುಡಿದೆ. ಅವರು ಬೇಡವೆಂದು ನಿಲ್ದಾಣದ ಆಚೆ ಹೋಗಿ ಬೆಟ್ಟಗಳನ್ನು ನೋಡುತ್ತ ನಿಂತರು. ಅಲ್ಲಿಂದ ಬಸ್ಸು ಬದಲಿಸಿದರೆ ಊರಿನ ಚಹರೆಯೇ ಬದಲಾಗುತ್ತದೆ. ಎರಡೂ ಕಡೆ ಮಾವಿನ ತೋಪು, ಮರದ ತುಂಬ ಹೂವು, ತೋಪಿನ ಹಿಂದೆ ಕೆಂಪು ಬಂಡೆಯ ಬೆಟ್ಟಸಾಲು. ನಾಗಲಾಪುರದಿಂದ ಬೆಟ್ಟದ ಬುಡಕ್ಕೆ ಐದೇ ಕಿಲೋಮೀಟರ್. ಆಟೋದವನು ಮುನ್ನೂರು ಕೇಳಿದ. ನಾನು ಜಗಳಕ್ಕೆ ನಿಂತೆ. ರಾಯರು ಮಾತಿಲ್ಲದೆ ಹತ್ತಿ ಕೂತರು. ಯಾವಾಗಲೂ ನನಗಿಂತ ಜೋರಾಗಿ ತೆಲುಗಿನಲ್ಲಿ ಚೌಕಾಸಿ ಮಾಡುವವರು ಅಂದು ಮಾತನ್ನೇ ಉಳಿಸಿಕೊಳ್ಳುತ್ತಿದ್ದರೆಂದು ಆಗ ನನಗೆ ಹೊಳೆಯಲಿಲ್ಲ.

ಬುಡದಿಂದ ಆರಣಿಗೆ ಸೇರುವ ಹಳ್ಳದ ಜೊತೆಜೊತೆಗೇ ಒಂದು ಗಂಟೆಯ ನಡಿಗೆ. ನೀರು ತಿಳಿಯಾಗಿತ್ತು, ತಳದ ಕಲ್ಲು ಎಣಿಸಬಹುದಿತ್ತು. ಎರಡು ಕಡೆಯ ಬಂಡೆಗೋಡೆ ಹತ್ತಿರವಾಗುತ್ತ ಹೋಗಿ ಕೊನೆಗೆ ಒಂದು ಮಡುವಿನ ಮುಂದೆ ದಾರಿ ಮುಗಿಯುತ್ತದೆ. ರಾಯರು ತೋರಿಸಬೇಕೆಂದಿದ್ದದ್ದು ಅದನ್ನೇ. ಅರ್ಧ ದಾರಿಯಿಂದ ಅವರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಮಡು ತಲುಪಿದವರೇ ಬಂಡೆಯ ಮೇಲೆ ಕುಸಿದು ಕೂತರು. ತುಟಿ ಒಣಗಿ ಬೆಳ್ಳಗಾಗಿತ್ತು. ನಾನು ಬೊಗಸೆಯಲ್ಲಿ ನೀರು ತಂದೆ. ಅವರು ಕೈ ಅಡ್ಡ ಹಿಡಿದರು.

"ಇವತ್ತು ಏಕಾದಶಿ."

ಹೋಟೆಲಿನ ಗೋಡೆಯ ತಮಿಳು ಕ್ಯಾಲೆಂಡರಿನಲ್ಲಿ ಏಕಾದಶಿ ಸೋಮವಾರವೇ ಆಗಿಹೋಗಿತ್ತು. ಅದನ್ನು ನೋಡಿಯೇ ನಾನು ಮಂಗಳವಾರ ಗೊತ್ತು ಮಾಡಿದ್ದು. ನಾವು ಸ್ಮಾರ್ತರು, ಮಾಧ್ವರದ್ದು ಒಮ್ಮೊಮ್ಮೆ ಮರುದಿನಕ್ಕೆ ಬೀಳುತ್ತದೆಂಬುದು ತಿಳಿದಿದ್ದೂ ನೆನಪಾಗಲಿಲ್ಲ. ಈ ಮನುಷ್ಯ ಏಕಾದಶಿಯ ದಿನ ಉಗುಳನ್ನೂ ಯೋಚಿಸಿ ನುಂಗುವವರು. ಹದಿನಾರನೇ ವಯಸ್ಸಿನಿಂದ ಒಂದನ್ನೂ ಬಿಟ್ಟವರಲ್ಲ, ಈಗ ಅರವತ್ತೆಂಟು.

"ಎಂತಕ್ಕೆ ಹೇಳ್ಲಿಲ್ಲ ಮಾರಾಯ್ರೆ? ಫೋನ್ ಇರ್ಲಿಲ್ಯಾ? ಬಾಯಿ ಇರ್ಲಿಲ್ಯಾ?"

"ನಾಲ್ಕು ತಡವೆ ನೀವು ತಳ್ಳಿದೀರಿ. ನಾನು ಒಂದು ತಡವೆ ತಳ್ಳಿದ್ರೆ ಮತ್ತೆ ನಿಮಗೆ ಯಾವಾಗ ಲೀವು? ಪರವಾಯಿಲ್ಲ, ನೀವು ತಿನ್ನಿ. ನಾನು ನೆರಳಲ್ಲಿ ಕೂತಿರ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಕಿತ್ತು ಹಾಕಿದ ಅಡುಗೆಮನೆಯ ಮೂಲೆಯಲ್ಲಿ ಒಂಟಿ ಒಲೆ ಹಚ್ಚಿ, ಅವರಿಗೆಂದೇ ಈರುಳ್ಳಿಯಿಲ್ಲದೆ ಮಾಡಿದ ಅಡುಗೆ ಅದು. ನಮ್ಮ ಮನೆಯಲ್ಲಿ ಕರೆಸಿಕೊಂಡ ಅತಿಥಿ ಉಣ್ಣದೆ ನಾವು ಎಲೆಗೆ ಕೈ ಹಾಕುವುದಿಲ್ಲ. ಅಪ್ಪಯ್ಯ ಹೋಟೆಲಿನಲ್ಲೂ ಅದನ್ನೇ ಪಾಲಿಸಿದರು, ನಾನೂ ಪಾಲಿಸಿದ್ದೇನೆ. "ನೀವು ನೀರಾದ್ರೂ ಕುಡಿಯುವ ತನಕ ನಾನು ಒಂದು ಅಗಳೂ ಮುಟ್ಟೂದಿಲ್ಲ" ಎಂದು ಕ್ಯಾರಿಯರನ್ನು ದೂರ ಸರಿಸಿ ಅವರಿಗೆ ಬೆನ್ನು ಮಾಡಿ ಕೂತೆ. ಮಡುವಿನ ಆಚೆ ದಡದಲ್ಲಿ ಯಾರೋ ಒಡೆದು ಹೋದ ಮದ್ಯದ ಬಾಟಲಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಒಡೆದವರನ್ನೂ ಬೈದೆ, ಕ್ಯಾಲೆಂಡರು ಅಚ್ಚು ಹಾಕಿದವರನ್ನೂ ಬೈದೆ.

ಹೇಳಬೇಕಾದ ಇನ್ನೊಂದು ಮಾತಿದೆ. ನನಗೆ ಸಕ್ಕರೆ ಕಾಯಿಲೆ. ಐದು ಗಂಟೆಗೇ ಮಾತ್ರೆ ನುಂಗಿದ್ದೆ, ಹೊಟ್ಟೆಗೆ ಬಿದ್ದದ್ದು ಸಕ್ಕರೆಯಿಲ್ಲದ ಚಹಾ ಮಾತ್ರ. ಆಗ ಹನ್ನೊಂದೂವರೆ, ಮೈಯಲ್ಲಿ ಸಕ್ಕರೆ ಕುಸಿಯತೊಡಗಿತ್ತು. ಮೊದಲು ಬೆರಳು ನಡುಗಿತು, ಆಮೇಲೆ ಬೆನ್ನಿನಲ್ಲಿ ತಣ್ಣನೆಯ ಬೆವರು. ಜೇಬಿನಲ್ಲಿ ಚಾಕಲೇಟ್ ಇತ್ತು. ಹಠಕ್ಕೆ ತೆಗೆಯಲಿಲ್ಲ. ಎದುರಿನ ಬಂಡೆ ಎರಡೆರಡಾಗಿ ಕಾಣತೊಡಗಿತು.

ರಾಯರು ಎದ್ದು ಬಂದು ನನ್ನ ಮುಖ ನೋಡಿದರು. ಎರಡು ಸಲ ತಿನ್ನಿ ಎಂದರು, ನಾನು ಒಲ್ಲೆನೆಂದು ತಲೆಯಾಡಿಸಿದೆ. ಮೂರನೆಯ ಸಲ ಹೇಳಲಿಲ್ಲ. ಕ್ಯಾರಿಯರ್ ಎಳೆದುಕೊಂಡು ಕೆಳಗಿನ ಡಬ್ಬಿ ಬಿಚ್ಚಿದರು. ಅದು ಮೊಸರನ್ನ. ನೀರನ್ನೋ ಹಣ್ಣನ್ನೋ ತೆಗೆದುಕೊಂಡಿದ್ದರೆ ಅವರ ಪಂಚಾಂಗದಲ್ಲೂ ಏನಾದರೊಂದು ದಾರಿ ಇರುತ್ತಿತ್ತೇನೋ, ಅನ್ನಕ್ಕೆ ಇಲ್ಲ. ಒಂದು ತುತ್ತು ಬಾಯಿಗಿಟ್ಟು, ನನ್ನನ್ನೇ ನೋಡುತ್ತ ಅಗಿದು ನುಂಗಿದರು.

"ಆಯ್ತಾ? ನಿಮ್ಮ ಅತಿಥಿ ಉಂಡಾಯ್ತು. ಇಪ್ಪೊ ತಿನ್ನಿ."

ತಿಂದೆ. ಅಳುತ್ತಲೇ ತಿಂದೆ ಎನ್ನಲು ನನಗೆ ನಾಚಿಕೆಯಿಲ್ಲ. ಕಾಲು ಗಂಟೆಯಲ್ಲಿ ನಡುಕ ನಿಂತಿತು, ನಿಂತ ಕೂಡಲೇ ಸಿಟ್ಟು ಮೊದಲಿಗಿಂತ ಹೆಚ್ಚಾಯಿತು. ನೀರು ಕುಡಿಯಿರಿ ಎಂದಿದ್ದೆನೇ ಹೊರತು ಅನ್ನ ತಿನ್ನಿ ಎಂದು ನಾನು ಹೇಳಿರಲಿಲ್ಲ. ಐವತ್ತೆರಡು ವರ್ಷದ್ದನ್ನು ಒಂದು ತುತ್ತಿಗೆ ಕಳೆದುಕೊಳ್ಳುವ ಅಧಿಕಾರ ಇವರಿಗೆ ಯಾರು ಕೊಟ್ಟರು? ಇದನ್ನು ಕೇಳಿದರೆ ಅವರು ಬಂಡೆಯ ಮೇಲಿನ ಒಂದು ಗಿಡುಗವನ್ನು ತೋರಿಸಿದರು. ಇಳಿಯುವಾಗ ದಾರಿಯುದ್ದಕ್ಕೂ ನಾನು ಕೂಗಾಡಿದೆ, ಅವರು ಹೂಂಗುಟ್ಟಿದರು. ಆಮೇಲೆ ಅವರು ಏನನ್ನೂ ತಿನ್ನಲಿಲ್ಲ, ನೀರನ್ನೂ ಮುಟ್ಟಲಿಲ್ಲ.

ಸಂಜೆ ಐದೂವರೆಗೆ ಅಣ್ಣಾ ನಗರದ ಅವರ ಮನೆಗೆ ಬಿಟ್ಟು ಬರಲು ಹೋದೆ. ಹೆಂಡತಿ ಪದ್ಮಮ್ಮ ಬಾಗಿಲು ತೆರೆದು, "ನೋಡಿ ಹೊಳ್ರೆ, ಕಾಡಿಗೆ ಹೋದ್ರೂ ಇವ್ರು ಏಕಾದಶಿ ಬಿಡಲ್ಲ" ಎಂದು ನನಗೆ ಹೆಮ್ಮೆಯಿಂದ ಹೇಳಿದರು.

ರಾಯರು ಚಪ್ಪಲಿ ಬಿಡುತ್ತ, "ಇವತ್ತು ಬಿಟ್ಟೆ ಪದ್ಮಾ" ಎಂದರು.

ಆಕೆಯ ಮುಖ ಇಳಿದುಹೋಯಿತು. "ಯಾಕೆ? ಏನಾಯ್ತು?"

"ಏನೂ ಆಗ್ಲಿಲ್ಲ. ಹೊಳ್ರ ಮೊಸರನ್ನ ನೋಡಿ ಹಸಿವು ತಾಳಕ್ಕೆ ಆಗ್ಲಿಲ್ಲ. ತಿಂದ್ಬಿಟ್ಟೆ."

ಆಕೆ ಗಂಡನನ್ನು ನೋಡಿದ ನೋಟವನ್ನು ನಾನು ಹೊಸಿಲಾಚೆ ನಿಂತು ಕಂಡೆ. ನನ್ನ ಹಠಕ್ಕೆ, ನನ್ನ ಜೀವ ಉಳಿಸಲು ತಿಂದರೆಂದು ಅಲ್ಲೇ ಹೇಳಬೇಕಿತ್ತು. ಬರುತ್ತೇನೆಂದು ಕೈ ಮುಗಿದು ಮೆಟ್ಟಿಲಿಳಿದೆ.