ಗಿರಿಜಮ್ಮ ನಿದ್ದೆಗೆ ಒಪ್ಪಿದ್ದು

ಕೋವಿಡ್ ಅಲೆಗಳು ಇಳಿದ ಮರುವರ್ಷ ನಾನು ಸಕಲೇಶಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅನಸ್ತೇಷಿಯಾ ವೈದ್ಯೆಯಾಗಿದ್ದೆ. ಆಪರೇಷನ್ ಹೊತ್ತಿನಲ್ಲಿ ರೋಗಿಗೆ ನೋವು ತಿಳಿಯದಂತೆ ಮಾಡಿ, ಅವರ ಉಸಿರು, ರಕ್ತದೊತ್ತಡ, ಹೃದಯಬಡಿತಗಳನ್ನು ಕಾಯುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ವನಗೂರು ಕಡೆಯ ಏಲಕ್ಕಿ ಎಸ್ಟೇಟಿನಿಂದ ಗಿರಿಜಮ್ಮ ಎಂಬ ಐವತ್ತು ದಾಟಿದ ಕೂಲಿ ಹೆಂಗಸನ್ನು ಕರೆತಂದರು. ಇಳಿಜಾರಿನಲ್ಲಿ ಜೀಪು ಮಗುಚಿ, ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿತ್ತು. ಬೇಗ ಗಾಯ ತೊಳೆದು ಮೂಳೆ ಕೂಡಿಸದಿದ್ದರೆ ಕಾಲೇ ಹೋಗುವ ಅಪಾಯ. ಆಕೆ ಮಾತ್ರ ಒಪ್ಪಲಿಲ್ಲ. ಹಿಂದೆ ಆಕೆಯ ಅಕ್ಕ ಬೇರೆ ಊರಿನಲ್ಲಿ ಆಪರೇಷನ್‌ಗೆಂದು ಮಲಗಿದವರು ಮತ್ತೆ ಎದ್ದಿರಲಿಲ್ಲ.

“ಕಾಲು ಹೋದ್ರೆ ಹೋಗ್ಲಿ ಕಣವ್ವ. ಮಲಗಿಸ್ಬುಟ್ರೆ ನಾ ಏಳಾಕಿಲ್ಲ.”

ಜೊತೆಗೆ ಬಂದಿದ್ದ ಆಕೆಯ ಅಳಿಯ ನನ್ನನ್ನು ಪಕ್ಕಕ್ಕೆ ಕರೆದು, ಏನೂ ಹೇಳದೆ ಇಂಜೆಕ್ಷನ್ ಕೊಟ್ಟುಬಿಡಿ ಎಂದು ಬೇಡಿಕೊಂಡರು. ಆಗುವುದಿಲ್ಲ ಎಂದೆ. ಗಿರಿಜಮ್ಮನ ಪಕ್ಕ ಕೂತು ಸ್ಪೈನಲ್ ಬಗ್ಗೆ ವಿವರಿಸಿದೆ. ಬೆನ್ನಿಗೆ ಮದ್ದು ಕೊಟ್ಟರೆ ಸೊಂಟದ ಕೆಳಗಷ್ಟೇ ಜೋಮು ಹಿಡಿಯುತ್ತದೆ, ಎಚ್ಚರ ಇದ್ದೇ ಇರುತ್ತದೆ. ಅದು ಸಾಲದಿದ್ದರೆ ಪೂರ್ತಿ ನಿದ್ದೆ ಬರಿಸಬೇಕಾದೀತು, ಆದರೆ ನಿಮ್ಮನ್ನು ಕೇಳದೆ ಬರಿಸುವುದಿಲ್ಲ ಎಂದೂ ಹೇಳಿದೆ. ಆಕೆ ಆಗಲಿ ಎಂಬಂತೆ ತಲೆಯಾಡಿಸಿದರು.

ಮೂಳೆ ನಾವೆಣಿಸಿದ್ದಕ್ಕಿಂತ ಹೆಚ್ಚು ಚೂರಾಗಿತ್ತು. ಕೆಲಸ ಮುಗಿಯುವ ಮೊದಲೇ ಜೋಮು ಇಳಿಯತೊಡಗಿತು. ಗಿರಿಜಮ್ಮ ತುಟಿ ಕಚ್ಚಿ ಹಿಡಿದದ್ದು ಕಂಡಿತು. ಸರ್ಜನ್‌ಗೆ ಕೈ ನಿಲ್ಲಿಸಲು ಹೇಳಿ, ಆಕೆಯ ಕಿವಿಯ ಬಳಿ ಬಾಗಿ, ಈಗ ನಿದ್ದೆ ಬರಿಸದೆ ದಾರಿಯಿಲ್ಲ ಎಂದೆ.

“ನೀವು ಎದ್ದೋಗಾಕಿಲ್ವಾ?”

“ಇಲ್ಲ. ನಿಮಗೆ ಎಚ್ಚರ ಆಗೋವರೆಗೂ ಇಲ್ಲೇ ಇರ್ತೀನಿ.”

“ಹಂಗಾದ್ರೆ ಮಲಗ್ಸಿ.”

ಎಷ್ಟೋ ಜನರಿಗೆ ಕೊಟ್ಟ ಮದ್ದೇ ಅದು. ಆದರೂ ಅಂದು ಸಿರಿಂಜಿನ ಅಳತೆಯನ್ನು ಇನ್ನೊಮ್ಮೆ ನೋಡಿಯೇ ಕೊಟ್ಟೆ.

ಕಾಲು ಉಳಿಯಿತು. ಮದ್ದು ನಿಲ್ಲಿಸಿ ಹೆಸರು ಹಿಡಿದು ಕರೆದೆ. ಕೆನ್ನೆ ಸವರಿ ಮತ್ತೆ ಕರೆದೆ. ರೆಪ್ಪೆ ಅಲುಗಿತು, ಕಣ್ಣು ತೆರೆಯಿತು. ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ್ದ ಕೊಳವೆ ತೆಗೆದ ಮೇಲೆ ಆಕೆ ಒಡಕು ದನಿಯಲ್ಲಿ ಕೇಳಿದರು:

“ನಮ್ಮಕ್ಕನ್ನೂ ಯಾರಾದ್ರೂ ಹಿಂಗೆ ಕರ್ದಿದ್ರಾ?”

ಕರೆದೇ ಇರುತ್ತಾರೆ ಎನ್ನುವುದು ಸುಲಭವಿತ್ತು. ಆದರೆ ನಾನಲ್ಲಿ ಇರಲಿಲ್ಲ. ಗೊತ್ತಿಲ್ಲಮ್ಮ ಎಂದೆ. ಆಕೆ ಸದ್ದಿಲ್ಲದೆ ಅತ್ತರು. ಹಿಡಿದುಕೊಂಡ ನನ್ನ ಕೈಯನ್ನು ಬಿಡಲಿಲ್ಲ.

ಮದ್ದಿನ ಅಳತೆಯನ್ನು ನಾನು ಓದಿ ಕಲಿತೆ. ರೋಗಿ ತಮ್ಮ ಎಚ್ಚರವನ್ನೇ ನಮ್ಮ ಕೈಗೆ ಕೊಟ್ಟು ಮಲಗುತ್ತಾರೆ, ಅದನ್ನು ಕೇಳಿಯೇ ಪಡೆಯಬೇಕು, ಜೋಪಾನವಾಗಿ ಹಿಂತಿರುಗಿಸಬೇಕು ಎಂಬುದನ್ನು ಗಿರಿಜಮ್ಮ ಕಲಿಸಿದರು.