ಹಿಂದಿನ ಚಕ್ರದ ನಡುಕ

ಬ್ರೇಕ್ ಒತ್ತಿದಾಗಲೆಲ್ಲ ಇಂದ್ರಾಬಾಯಿಯ ಪಿಕಪ್ ನಡುಗುತ್ತಿತ್ತು. ಗಂಡ ಶೆಟ್ಟೆಪ್ಪ ಓಡಿಸುತ್ತಿದ್ದ ಹಳೆಯ ಗಾಡಿ ಅದು. ವಿಜಯಪುರದ ಕಡೆಯಿಂದ ಬಂದ ಗಂಡಹೆಂಡತಿ ಮಾಟುಂಗದ ಹೋಟೆಲುಗಳಿಗೆ ಬಾಳೆ ಎಲೆ ಮುಟ್ಟಿಸಿ ಬದುಕುತ್ತಿದ್ದರು. ಹೋದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಶೆಟ್ಟೆಪ್ಪ ಎದೆನೋವಿನಲ್ಲೇ ಸಯನ್‌ನ ಚಾಳಿನವರೆಗೆ ಗಾಡಿ ತಂದು ಹ್ಯಾಂಡ್‌ಬ್ರೇಕ್ ಎಳೆದ, ಕೆಳಗಿಳಿಯಲಿಲ್ಲ. ಇಂದ್ರಾಬಾಯಿ ಓಡಿಬಂದು ತಬ್ಬಿ ಹಿಡಿದಾಗ ಅವನ ಮೈಯೆಲ್ಲ ನಡುಗುತ್ತಿತ್ತು. ಆಮೇಲೆ ನಡುಕ ನಿಂತಿತು.

ಮಳೆಗಾಲವಿಡೀ ಗಾಡಿ ನಿಂತಲ್ಲೇ ನೆನೆಯಿತು. "ಮಾರಿಬಿಡ್ರಿ ವೈನಿ," ಎಂದ ಮೈದುನ. ಅವಳು ಮಾರಲಿಲ್ಲ. ಗಾಡಿ ಓಡಿಸುವುದನ್ನು ಗಂಡನೇ ಕಲಿಸಿದ್ದ. ದಸರೆಯ ಹೊತ್ತಿಗೆ ತಾನೇ ಎಲೆ ಹೇರಿಕೊಂಡು ಹೊರಟಳು. ಮೊದಲ ಸಿಗ್ನಲ್ಲಿನಲ್ಲಿ ಸೀಟಿನಡಿಯಿಂದ ನಡುಕವೊಂದು ಎದ್ದು ಬೆನ್ನಿಗೆ ಹತ್ತಿತು. ಅವಳ ತೋಳುಗಳಿಗೆ ಅದರ ಗುರುತು ಸಿಕ್ಕಿತು. ಯಾರಿಗೂ ಹೇಳಲಿಲ್ಲ. ರಿಪೇರಿಗೂ ಬಿಡಲಿಲ್ಲ.

ಒಂದು ದಿನ ಹೂ ಮಾರುವ ಮುದುಕಿಯೊಬ್ಬಳು ಅಡ್ಡ ಬಂದಳು. ಗಾಡಿ ನಡುಗುತ್ತ ನಡುಗುತ್ತ ಅವಳ ಬುಟ್ಟಿಗೆ ತಾಗಿ ನಿಂತಿತು. ಇಂದ್ರಾಬಾಯಿ ನೇರ ಕೊರಗನ ಗ್ಯಾರೇಜಿಗೆ ಹೋದಳು. ಉಡುಪಿ ಕಡೆಯ ಮೆಕ್ಯಾನಿಕ್ ಅವನು.

"ನಡುಗೋದು ಸ್ಟೇರಿಂಗಾ, ಸೀಟಾ?"

"ಸೀಟು. ಕೆಳಗಿಂದ ಯಾರೋ ಅಳಗ್ಯಾಡಿಸಿದಂಗ ಆಗತೈತ್ರಿ."

"ಹಾಗಾದ್ರೆ ಹಿಂದಿನ ಚಕ್ರ. ಮೆಲ್ಲ ಓಡ್ಸಿ ಅಕ್ಕ. ಪೆಡಲ್ ಮುಟ್ಬೇಡಿ, ಹ್ಯಾಂಡ್‌ಬ್ರೇಕ್ ಮಾತ್ರ ಎಳೀರಿ. ಅದು ಹಿಡಿಯುದು ಹಿಂದಿನ ಚಕ್ರವನ್ನೇ."

ಗಂಡ ಹೋದ ದಿನದಿಂದ ಆ ಹಿಡಿಕೆಯನ್ನು ಅವಳು ಎಳೆದಿರಲಿಲ್ಲ. ಗಾಡಿ ನಿಲ್ಲಿಸಿದಲ್ಲೆಲ್ಲ ಗಾಲಿಗೆ ಕಲ್ಲು ಕೊಡುತ್ತಿದ್ದಳು. ಪಕ್ಕದಲ್ಲಿ ಕೂತ ಕೊರಗ ಅವಸರ ಮಾಡಲಿಲ್ಲ. ಕೊನೆಗೆ ಎಳೆದಳು. ಅದೇ ನಡುಕ ಬಂತು.

ಕೊರಗ ಜಾಕ್ ಏರಿಸಿ ಗಾಲಿ ಬಿಚ್ಚಿ ಬ್ರೇಕಿನ ಡ್ರಮ್ಮು ಕಳಚಿದ. ಒಳಮೈಯ ತುಕ್ಕಿನ ಕಲೆಗಳ ನಡುವೆ, ಅದನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳ ಅಚ್ಚು ಸ್ಪಷ್ಟವಾಗಿತ್ತು.

"ಡ್ರಮ್ಮು ಬಿಸಿ ಇರುವಾಗ್ಲೇ ಶೂ ಬಿಗಿದು ಕೂತಿದೆ. ತಣಿಯುವಾಗ ಸೊಟ್ಟ ಆಗಿದೆ, ಮೇಲಿಂದ ಮಳೆನೀರು. ಇಷ್ಟು ಗಟ್ಟಿ ಎಳೆದದ್ದು ಯಾರು?"

"ಅವರು," ಎಂದಳು. "ಅದ ಕಡೀ ಸಲ."

ಕೊರಗ ಕೈ ಒರೆಸಿಕೊಂಡ. "ಲೇಥಿಗೆ ಕೊಟ್ಟು ಒಳಮೈ ಹೆರೆಸಿದ್ರೆ ಗುಂಡಗಾಗ್ತದೆ, ಇನ್ನೂ ದಪ್ಪ ಉಂಟು. ಆದ್ರೆ ಈ ಗುರುತು ಉಳಿಯುದಿಲ್ಲ. ಬೇಕಾದ್ರೆ ಹೊಸ ಡ್ರಮ್ಮು ಹಾಕುವ. ಇದನ್ನು ನೀವು ಮನೆಗೆ ತಗೊಂಡು ಹೋಗಿ," ಎಂದ.

ಅವಳು ಆ ಅಚ್ಚಿನ ಮೇಲೆ ಬೆರಳಾಡಿಸಿದಳು. ಕಬ್ಬಿಣ ತಣ್ಣಗಿತ್ತು.

"ಮನ್ಯಾಗ ಇಟ್ಕೊಂಡು ದಿನಾ ನೋಡಾಕ ನನ್ನ ಕೈಲೆ ಆಗೂದಿಲ್ಲಣ್ಣ. ಇದನ್ನ ಲೇಥಿಗೆ ಕೊಡ್ರಿ."

ಲೇಥಿನ ಕೆಳಗೆ ಕರಿ ಚೂರು ಉದುರಿ ಮುಗಿಯುವವರೆಗೂ ಅವಳು ನಿಂತೇ ಇದ್ದಳು.

ವಾಪಸು ಬರುವಾಗ ಸರ್ಕಲ್ ಹತ್ತಿರ ಬ್ರೇಕ್ ಒತ್ತಿದಳು. ಗಾಡಿ ಸದ್ದಿಲ್ಲದೆ ನಿಂತಿತು. ಸಿಗ್ನಲ್ ಹಸಿರಾಯಿತು. ಹಿಂದೆ ಹಾರ್ನುಗಳು ಕೂಗಿದವು. ಅವಳು ಕದಲಲಿಲ್ಲ, ಸೀಟಿನಡಿಯ ನಡುಕಕ್ಕೆ ಕಾಯುತ್ತ ಕೂತಿದ್ದಳು. ಟ್ಯಾಕ್ಸಿಯವನೊಬ್ಬ ಬಂದು ಬಾಗಿಲು ತಟ್ಟಿದ ಮೇಲೆ ಗೇರು ಹಾಕಿದಳು.