ಜಯತ್ತೆಯ ಸುಣ್ಣದ ಗೆರೆಗಳು

ಸುಣ್ಣದ ಪುಡಿಗೆ ವಾಸನೆಯೇ ಇಲ್ಲ ಎನ್ನುವವರು ಅದನ್ನು ಮೂಗಿನ ಹತ್ತಿರ ತಂದುಕೊಂಡವರಲ್ಲ. ನೀರು ಚಿಮುಕಿಸಿದ ಕೆಮ್ಮಣ್ಣಿನ ಮೇಲೆ ಬಿದ್ದ ಕೂಡಲೆ ಅದರಿಂದ ತಣ್ಣನೆಯ, ಸ್ವಲ್ಪ ಮೂಗು ಸುಡುವ ವಾಸನೆಯೊಂದು ಏಳುತ್ತದೆ. ಹೊಸದಾಗಿ ಬಳಿದ ಗೋಡೆಗೆ ಕೆನ್ನೆಯಿಟ್ಟಾಗ ಬರುವಂಥದ್ದು. ಹೋದ ತಿಂಗಳು ಕೋಲಾರದಲ್ಲಿ ಮೊಮ್ಮಗಳ ಶಾಲೆಯ ಆಟೋಟ ನೋಡಲು ಹೋಗಿದ್ದೆ. ಪೀಟಿ ಮೇಷ್ಟ್ರು ಹಗ್ಗ ಕಟ್ಟಿ, ತೂತು ಮಾಡಿದ ಡಬ್ಬದಿಂದ ಗೆರೆ ಎಳೆಯುತ್ತಿದ್ದರು. ನಾನು ಬಗ್ಗಿ ಒಂದು ಚಿಟಿಕೆ ತೆಗೆದು ಮೂಸಿದೆ. "ಏನಮ್ಮಾ, ಏನಾದ್ರೂ ಬಿತ್ತಾ?" ಎಂದು ಕೇಳಿದರು. "ಇಲ್ಲಪ್ಪ, ಸುಣ್ಣಾನೇ" ಎಂದೆ. ಅವರು ನನ್ನನ್ನು ಇನ್ನೊಮ್ಮೆ ನೋಡಿ ಮುಂದೆ ಹೋದರು. ಅವರ ತಪ್ಪಿಲ್ಲ. ಈ ಚಟ ನನಗೆ ಅಂಟಿದ್ದು ಜಯತ್ತೆಯಿಂದ.

ಸುಗಟೂರಿನ ಪಕ್ಕದ ನಮ್ಮೂರಿನಲ್ಲಿ ಆಗ, ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ, ಅರ್ಧ ಊರಿನ ಮನೆಗಳಲ್ಲಿ ರೇಷ್ಮೆ ಹುಳು ಇತ್ತು. ನಮ್ಮದು ಉದ್ದನೆಯ ಹಜಾರದ ಮಣ್ಣಿನ ಮನೆ. ಹಜಾರ ಹೆಸರಿಗೆ ಮಾತ್ರ ನಮ್ಮದು. ವರ್ಷದಲ್ಲಿ ಎಂಟು ತಿಂಗಳು ಅಲ್ಲಿ ಹುಳುವಿನ ತಟ್ಟೆಗಳ ಅಟ್ಟಣೆಯೇ ನಿಂತಿರುತ್ತಿತ್ತು. ಹುಳು ದೊಡ್ಡವಾದ ಹಾಗೆ ನಾವು ಹಿಂದೆ ಸರಿಯುತ್ತ, ಕೊನೆಗೆ ಚಾಪೆ ಸುತ್ತಿಕೊಂಡು ಜಗಲಿಗೆ ಬೀಳುತ್ತಿದ್ದೆವು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ನಮ್ಮ ಬಟ್ಟೆಗೆ, ತಲೆಗೂದಲಿಗೆ, ಅವ್ವ ಮಾಡಿದ ಮುದ್ದೆಗೂ ಹತ್ತಿರುತ್ತಿತ್ತು. ಅವ್ವ ಎಂದರೆ ನಮ್ಮ ಅಜ್ಜಿ. ಹುಳು ಪೊರೆ ಬಿಡಲು ತಿನ್ನುವುದನ್ನು ನಿಲ್ಲಿಸಿದರೆ ಅದಕ್ಕೆ ಜ್ವರ ಎನ್ನುತ್ತಾರೆ. ಅಂಥ ಜ್ವರ ನಾಲ್ಕು. ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ, ಒಗ್ಗರಣೆ ಘಮ್ಮೆನ್ನುವಂತಿರಲಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿರಲಿಲ್ಲ. ನನಗೆ ಜ್ವರ ಬಂದಾಗ ಇಷ್ಟು ಉಪಚಾರ ಆಗಿದ್ದು ನೆನಪಿಲ್ಲ.

ಜಯತ್ತೆ ಅಪ್ಪನ ಒಬ್ಬಳೇ ತಂಗಿ. ಬಳ್ಳಾರಿ ಕಡೆಯ ಶಾಲೆಯೊಂದರಲ್ಲಿ ಏಳು ವರ್ಷ ಪೀಟಿ ಟೀಚರ್ ಆಗಿದ್ದಳು. ಊರಿಗೆ ಬಂದಾಗ ಮದುವೆಯ ಮಾತು ಎತ್ತಿದರೆ ಸಾಕು, ರಜೆ ಮುಗಿಯಿತೆಂದು ಬಸ್ಸು ಹತ್ತುತ್ತಿದ್ದಳು. ಅವಳಿಗೆ ನಮ್ಮೂರಿನ ಹೈಸ್ಕೂಲಿಗೇ ವರ್ಗವಾದಾಗ ಅಪ್ಪ ಎರಡು ಸಲ ಆ ಕಾಗದ ಓದಿಸಿ ಕೇಳಿದ. ಊರಿಗೆ ಮಾತ್ರ ಇದು ವಿಚಿತ್ರವಾಗಿ ಕಂಡಿತು. ಪಾಠ ಹೇಳುವ ಹೆಂಗಸರನ್ನು ನೋಡಿದ್ದರು, ಕುತ್ತಿಗೆಗೆ ಸೀಟಿ ಹಾಕಿಕೊಂಡು ಓಡುವವಳನ್ನು ನೋಡಿರಲಿಲ್ಲ. ಅದರಲ್ಲೂ ಎಲ್ಲರ ಕಣ್ಣೆದುರು ಮೂಗು ಸುರಿಸಿಕೊಂಡು ಬೆಳೆದ ಜಯ. ಅವಳು ಹುಡುಗರಿಗೆ "ಸಾವಧಾನ್" ಎಂದರೆ ದಾರಿಯಲ್ಲಿ ಹೋಗುತ್ತಿದ್ದ ಮುದುಕರು ನಿಂತು ನಗುತ್ತಿದ್ದರು. ಡ್ರಿಲ್ ಮೇಷ್ಟ್ರಮ್ಮ ಎಂದು ಹೆಸರಿಟ್ಟರು. ಅವ್ವನಿಗೆ ಅದೂ ಚಿಂತೆ. "ಎಂದುಕಮ್ಮಾ ಜಯಾ ಇವನ್ನೀ, ಕ್ಲಾಸಲ್ಲಿ ಕೂತು ಪಾಠ ಹೇಳ್ಬಾರ್ದಾ?" ಎಂದು, ಇದೆಲ್ಲ ಯಾಕೆ ಎನ್ನುವುದನ್ನು ತೆಲುಗು ಕನ್ನಡ ಎರಡರಲ್ಲೂ ಕೇಳುತ್ತಿದ್ದಳು. ಜಯತ್ತೆ ನಗುತ್ತಾ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ಹಚ್ಚುತ್ತಿದ್ದಳು.

ಬಂದ ಮೂರನೆಯ ತಿಂಗಳಿಗೆ ಅವಳು ಹುಡುಗಿಯರ ಖೋಖೋ ತಂಡ ಕಟ್ಟಿದಳು. ಕೋಲಾರದಲ್ಲಿ ತಾಲ್ಲೂಕು ಮಟ್ಟದ ಆಟವಿತ್ತು. ನಮ್ಮೂರಿನ ಹುಡುಗಿಯರು ಅಲ್ಲಿಯವರೆಗೆ ಯಾವ ಆಟಕ್ಕೂ ಹೋದವರಲ್ಲ. ಮನೆ ಮನೆಗೆ ಹೋಗಿ, ಒಬ್ಬರನ್ನು ಮಾವ, ಇನ್ನೊಬ್ಬರನ್ನು ದೊಡ್ಡಪ್ಪ ಎಂದು ಕರೆದು, ಒಂಬತ್ತು ಹುಡುಗಿಯರನ್ನು ಕೇಳಿ ತಂದಳು. ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವಳು ಮುನಿಶಾಮಪ್ಪನ ಮಗಳು ಲಕ್ಷ್ಮೀದೇವಿ. ನಾನೂ ಇದ್ದೆ, ಟೀಚರ್ ಮನೆಯವಳು ಎಂಬ ಕಾರಣಕ್ಕೆ. ನಮ್ಮಲ್ಲಿ ಆರು ಜನರ ಮನೆಯಲ್ಲಿ ಹುಳು ಇದ್ದುದರಿಂದ ಅಭ್ಯಾಸವೆಲ್ಲ ಬೆಳಿಗ್ಗೆ ಸೊಪ್ಪು ಕೀಳುವುದಕ್ಕೆ ಮುಂಚೆ. ಲಂಗ ಎತ್ತಿ ಗಂಟು ಹಾಕಿ ಓಡುವುದು, ಅಲ್ಲಿಂದ ನೇರ ತೋಟಕ್ಕೆ ಹೋಗಿ ಸೊಪ್ಪು ಕಿತ್ತು ಹುಳುವಿಗೆ ಹಾಕುವುದು, ಆಮೇಲೆ ಶಾಲೆ. ಮೊದಲ ವಾರಗಳಲ್ಲಿ ಕಡ್ಡಿಯಿಂದ ಗೀಚಿದ ಗೆರೆಯ ಮೇಲೆ ಆಡಿದೆವು. ಆಟ ಹತ್ತಿರ ಬಂದಾಗ ಜಯತ್ತೆ, ನಿಜವಾದ ಬಿಳಿ ಗೆರೆ ನೋಡಿ ಅಭ್ಯಾಸವಾಗಲಿ ಎಂದು ಮನೆಯಿಂದ ಸುಣ್ಣ ತಂದು ಅಂಕಣ ಬರೆದಳು. ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂತು, ನೆಲಕ್ಕೆ ಕೈಯೂರಿ, ಒಬ್ಬರ ಬೆನ್ನು ಒಬ್ಬರು ಮುಟ್ಟಿ ಖೋ ಕೊಟ್ಟು ಮೈಯೆಲ್ಲ ಬಿಳಿ ಮಾಡಿಕೊಂಡೆವು. "ಅತ್ತೆ, ಸುಣ್ಣ ಮುಗ್ಗಲು ವಾಸ್ನೆ" ಎಂದೆ ನಾನು. "ಮಳೆಗೆ ನೆಂದಿರ್ಬೇಕು ಕಣೇ, ಓಡು" ಎಂದಳು.

ನಾಲ್ಕನೇ ಜ್ವರದಿಂದ ಎದ್ದು ಹಸಿದು ತಿನ್ನುತ್ತಿದ್ದ ಹುಳು, ಮಾರನೆಯ ದಿನ ತಲೆ ಆಡಿಸುತ್ತ ಹಸಿರು ನೀರು ಕಕ್ಕತೊಡಗಿತು. ಸಂಜೆಯ ಹೊತ್ತಿಗೆ ಸೊಟ್ಟಗಾಗಿ, ಕುಗ್ಗಿ, ತಟ್ಟೆಯ ಅಂಚಿನಿಂದ ಉದುರುತ್ತಿತ್ತು. ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕಾಗಿದ್ದ ಹುಳು. ಅಪ್ಪ ತಟ್ಟೆ ತಟ್ಟೆಯಾಗಿ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದ. ನಮ್ಮದಷ್ಟೇ ಆಗಿದ್ದರೆ ರೋಗ ಎನ್ನಬಹುದಿತ್ತು. ಸತ್ತಿದ್ದು ಆರು ಮನೆಗಳಲ್ಲಿ, ಆ ಆರೂ ಖೋಖೋ ಆಡುವ ಹುಡುಗಿಯರ ಮನೆಗಳು. ಊರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬೆಳೆದ ಹೆಣ್ಣುಮಕ್ಕಳು ಬೀದಿಯಲ್ಲಿ ಕುಣಿದು ಆ ಕೈಯಲ್ಲೇ ಸೊಪ್ಪು ಹಾಕಿದರೆ ಹುಳು ನಿಲ್ಲುತ್ತದೆಯೇ ಎಂದರು. ಮುನಿಶಾಮಪ್ಪ ನಮ್ಮ ಜಗಲಿಯ ಮುಂದೆ ನಿಂತು, "ನಾಳೆಯಿಂದ ನನ್ ಮಗ್ಳು ಆಟಕ್ಕೂ ಬರಲ್ಲ, ಸ್ಕೂಲಿಗೂ ಬರಲ್ಲ" ಎಂದು ಹೇಳಿ ಹೋದ. ಲಕ್ಷ್ಮೀದೇವಿಯ ಕೆನ್ನೆ ಊದಿತ್ತು ಎಂದು ಮರುದಿನ ಗೊತ್ತಾಯಿತು.

ಜಯತ್ತೆ ಆ ಬೆಳಿಗ್ಗೆ, ನಾನು ಹೇಳಿದ್ದ ಮುಗ್ಗಲು ವಾಸನೆ ನೆನಪಾಗಿ, ದನದ ಕೊಟ್ಟಿಗೆಗೆ ಹೋಗಿ ಅಟ್ಟದ ಮೇಲಿನ ಚೀಲ ಇಳಿಸಿ ಮೂಸಿದಳು. ಅದು ಸುಣ್ಣವಲ್ಲ. ಮಾವಿನ ಸಸಿಗಳ ಬುಡಕ್ಕೆ ಹಾಕಲು ಅಪ್ಪ ತಂದಿಟ್ಟಿದ್ದ, ಗೆದ್ದಲು ಕೊಲ್ಲುವ ಪುಡಿ. ಹುಳುವಿಗೆ ಅದರ ಗಾಳಿ ತಾಗಿದರೂ ಕೆಡುಕೆಂದು ಮನೆಯಿಂದ ದೂರ, ಕೊಟ್ಟಿಗೆಯಲ್ಲಿ ಇಟ್ಟಿದ್ದ. ಸುಣ್ಣದ ಚೀಲವನ್ನು ಅವನು ಹಿತ್ತಿಲ ಕೋಣೆಗೆ ಸಾಗಿಸಿ ಮೂರು ವರ್ಷವಾಗಿತ್ತು. ಜಯತ್ತೆ ಹುಡುಗಿಯಾಗಿದ್ದಾಗ ಸುಣ್ಣ ಇರುತ್ತಿದ್ದುದು ಆ ಅಟ್ಟದ ಮೇಲೆ. ತನ್ನ ಮನೆಯಲ್ಲಿ ಯಾವುದು ಎಲ್ಲಿದೆ ಎಂದು ಯಾರನ್ನು ಕೇಳಬೇಕು ಎಂದುಕೊಂಡು, ಹಳೆಯ ಜಾಗಕ್ಕೆ ಕೈ ಚಾಚಿದ್ದಳು. ಊರು ಬಿಟ್ಟು ಮರಳಿದವರು ಮಾತ್ರ ಮಾಡಬಹುದಾದ ತಪ್ಪು ಅದು.

"ಯಾರ್ಗೂ ಗೊತ್ತಿಲ್ಲ. ಸುಮ್ನಿದ್ಬಿಡು ಜಯ" ಎಂದ ಅಪ್ಪ. "ಹೇಳಿದ್ರೆ ಈ ಊರಲ್ಲಿ ನೀನು ಕೆಲ್ಸ ಮಾಡೋಕಾಗಲ್ಲ."

"ಹುಡುಗೀರ ಮೇಲೆ ಬೀಳುತ್ತಲ್ಲಣ್ಣ" ಎಂದಳು ಜಯತ್ತೆ.

ಸಂಜೆ ಹಾಲಿನ ಡೈರಿಯ ಮುಂದೆ ಇಡೀ ಊರು ಸಾಲು ನಿಲ್ಲುತ್ತಿತ್ತು. ಜಯತ್ತೆ, ಹುಳು ಚೆನ್ನಾಗಿದ್ದ ಮನೆಯೊಂದರಿಂದ ಕಾಡಿ ಬೇಡಿ ಒಂದು ಹಿಡಿ ಹುಳು ತಂದು, ಎರಡು ಮೊರದಲ್ಲಿ ಸೊಪ್ಪು ಹರಡಿ, ಡೈರಿಯ ಕಟ್ಟೆಯ ಮೇಲಿಟ್ಟಳು. ಒಂದರ ಸೊಪ್ಪಿಗೆ ಸುಣ್ಣ ಉದುರಿಸಿದಳು, ಇನ್ನೊಂದಕ್ಕೆ ಆ ಪುಡಿ. ನಾನು ಪಕ್ಕದಲ್ಲಿದ್ದೆ; ನಾಚಿಕೆಗೆ ಭೂಮಿಯೊಳಗೆ ಇಳಿದುಹೋಗಬೇಕು ಅನಿಸುತ್ತಿತ್ತು. ಜನ ಹಾಲು ಅಳೆಸಿಕೊಂಡು ಮನೆಗೆ ಹೋಗದೆ ಅಲ್ಲಿಯೇ ನಿಂತರು. ಸಾಲು ಕರಗುವ ಹೊತ್ತಿಗೆ ಒಂದು ಮೊರದ ಹುಳು ಸೊಪ್ಪು ಮೇಯುತ್ತಿತ್ತು, ಇನ್ನೊಂದರಲ್ಲಿ ತಲೆ ಆಡಿಸುತ್ತ ಹಸಿರು ನೀರು ಕಕ್ಕುತ್ತಿತ್ತು. "ಆಟದಿಂದ ಹೋಗಿದ್ದಲ್ಲ. ಸುಣ್ಣ ಅಂತ ನಾನು ಈ ಪುಡಿ ಹಾಕ್ದೆ, ಅದು ಹುಡುಗೀರ ಕೈಗಂಟಿ ಮನೆಗೆ ಬಂತು. ತಪ್ಪು ನಂದು. ಅವ್ರನ್ನ ಏನೂ ಅನ್ಬೇಡಿ" ಎಂದಳು.

ಮುನಿಶಾಮಪ್ಪ ಮೊರದಿಂದ ಒಂದು ಹುಳುವನ್ನು ಅಂಗೈಗೆ ಎತ್ತಿಕೊಂಡು ಬಹಳ ಹೊತ್ತು ನೋಡಿದ. "ಏಳು ವರ್ಷ ಹೊರ್ಗಿದ್ದು ಬಂದು ನಮ್ ಬೆಳೆ ತೆಗೆದ್ಬಿಟ್ಟೆ ಕಣಮ್ಮಾ" ಎಂದ. "ಹೌದು ಮಾವ" ಎಂದಳು ಜಯತ್ತೆ. ಕೆಲವರು ಬೈದರು, ಒಬ್ಬಳು ಹೆಂಗಸು ಅತ್ತಳು. ಅಪ್ಪ ಆ ಗುಂಪಿನ ಹಿಂದೆ ಖಾಲಿ ಕ್ಯಾನು ಹಿಡಿದು ನಿಂತಿದ್ದ. ಅವನು ನಾಲ್ಕು ದಿನ ತಂಗಿಯನ್ನು ಮಾತನಾಡಿಸಲಿಲ್ಲ. ಐದನೆಯ ದಿನ ಆ ಪುಡಿಯನ್ನು ದೂರದ ಹೊಲದಲ್ಲಿ ಹೂತು ಬಂದು, ಹಿತ್ತಿಲ ಕೋಣೆಯಿಂದ ಸುಣ್ಣದ ಚೀಲ ಹೊತ್ತು ಕೊಟ್ಟಿಗೆಯ ಅಟ್ಟದ ಮೇಲಿಟ್ಟ. "ಇನ್ಮೇಲೆ ಇಲ್ಲೇ ಇರುತ್ತೆ" ಎಂದ. ಜಯತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ವರ್ಷ ಕೋಲಾರಕ್ಕೆ ಹೋಗಲಾಗಲಿಲ್ಲ. ಆದರೆ ಮುಂದಿನ ಹುಳು ಮನೆಗೆ ಬರುವ ಮೊದಲೇ ಲಕ್ಷ್ಮೀದೇವಿ ಶಾಲೆಗೆ ಬಂದಳು, ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಜಯತ್ತೆ ಒಂದು ಕಟ್ಟಳೆ ಮಾಡಿದಳು: ಆಟ ಮುಗಿದ ಮೇಲೆ ನಮ್ಮ ಮನೆಯ ಮುಂದಿನ ಕಲ್ಲುತೊಟ್ಟಿಯಲ್ಲಿ ಎಲ್ಲರೂ ಕೈಕಾಲು ತೊಳೆದು, ಬೆರಳ ಸಂದಿಯೆಲ್ಲ ಉಜ್ಜಿ, ಎರಡೂ ಅಂಗೈ ಎತ್ತಿ ತೋರಿಸಬೇಕು. ಅವಳು ಬಾಗಿಲಲ್ಲಿ ನಿಂತು ನೋಡಿ "ಹೂಂ" ಎಂದ ಮೇಲೆಯೇ ಸೊಪ್ಪಿಗೆ ಹೋಗಬೇಕು. ಮೊದಲ ಮೂರು ದಿನ ಮುನಿಶಾಮಪ್ಪನೇ ಬಂದು ತೊಟ್ಟಿಯ ಹತ್ತಿರ ಕಾವಲು ನಿಂತಿದ್ದ. ನಾಲ್ಕನೆಯ ದಿನ ಬರಲಿಲ್ಲ. ಮರುವರ್ಷ ಕೋಲಾರಕ್ಕೆ ಹೋಗಿ ಎರಡನೇ ಆಟಕ್ಕೇ ಸೋತು, ಚುರುಮುರಿ ತಿಂದು, ಹಾಡುತ್ತ ಬಸ್ಸಿನಲ್ಲಿ ಮರಳಿದೆವು. ಜಯತ್ತೆ ನಿವೃತ್ತಿಯಾಗುವವರೆಗೂ ಅದೇ ಶಾಲೆಯಲ್ಲಿದ್ದಳು. ಗೆರೆ ಎಳೆಯುವ ಮುಂಚೆ ಪ್ರತಿ ಸಲವೂ ಒಂದು ಚಿಟಿಕೆ ಮೂಸುತ್ತಿದ್ದಳು. ಹೊಸ ಮಕ್ಕಳು ನಗುತ್ತಿದ್ದರಂತೆ.

ಅವ್ವ ಹೋಗಿ, ಅಪ್ಪ ಹೋಗಿ, ಹುಳು ಸಾಕುವುದು ನಿಂತು ಬಹಳ ಕಾಲವಾಗಿತ್ತು. ಹಜಾರದಲ್ಲಿ ಟೊಮೆಟೊ ತುಂಬುವ ಪೆಟ್ಟಿಗೆಗಳು ಬಿದ್ದಿರುತ್ತಿದ್ದವು. ಎರಡು ವರ್ಷದ ಹಿಂದೆ ಅವನ್ನೆಲ್ಲ ಹೊರಗೆ ಹಾಕಿ, ಹಿಂದೆ ತಟ್ಟೆಗಳು ನಿಲ್ಲುತ್ತಿದ್ದ ಜಾಗದಲ್ಲಿ ಜಯತ್ತೆಯನ್ನು ಮಲಗಿಸಿದೆವು. ಸುದ್ದಿ ತಿಳಿದು ಲಕ್ಷ್ಮೀದೇವಿ ಬಂದಳು, ಜೊತೆಗೆ ಆಗಿನ ಇನ್ನೂ ನಾಲ್ವರು. ಎಲ್ಲರೂ ಮೊಮ್ಮಕ್ಕಳನ್ನು ಕಂಡವರು, ಮಂಡಿನೋವಿನವರು. ಸಾವಿನ ಮನೆಯಿಂದ ಹೊರಡುವಾಗ ಕೈಕಾಲು ತೊಳೆಯುತ್ತಾರೆ, ಬರುವಾಗ ಯಾರೂ ತೊಳೆಯುವುದಿಲ್ಲ. ಅವರು ಗೇಟು ದಾಟಿ, ಯಾರೂ ಹೇಳದೆಯೇ ಆ ಹಳೆಯ ತೊಟ್ಟಿಯ ಕಡೆಗೆ ತಿರುಗಿದರು. ನೀರು ಮೊಗೆದು ಕಾಲಿಗೆ ಸುರಿದುಕೊಂಡರು, ಬೆರಳ ಸಂದಿ ಉಜ್ಜಿದರು. ಲಕ್ಷ್ಮೀದೇವಿ ಎರಡೂ ಅಂಗೈ ಎತ್ತಿ ಬಾಗಿಲಿನ ಕಡೆಗೆ ತೋರಿಸಿದಳು, ಉಳಿದವರೂ ತೋರಿಸಿದರು. ಹಾಗೆಯೇ ನಿಂತಿದ್ದರು. ಕೊನೆಗೆ ನಾನೇ ಬಾಗಿಲಿಗೆ ಬಂದು "ಹೂಂ" ಎಂದೆ. ಆಮೇಲೆ ಒಳಗೆ ಬಂದರು.